ಚೇತರಿಕೆಗೊಂದು ಚಿಹ್ನೆ

ಕಾಯಿಲೆಯಿಂದಲೋ ಅಗಲಿಕೆಯಿಂದಲೋ ಚೇತರಿಸಿಕೊಳ್ಳುತ್ತಿದ್ದೀರಾ? ಮನಸ್ಸಿನಲ್ಲಿರುವುದಕ್ಕೆ ಮಾತು ಸಿಗದಿದ್ದರೆ ಮೊಬೈಲಿನಲ್ಲೇ ಒಂದು ಪುಟ್ಟ ಚಿತ್ರ ಮಾಡಿ ನೋಡಿ. ಚಿತ್ರಕಲೆ ಕಲಿತಿರಬೇಕೆಂದೇನಿಲ್ಲ.

ಮೊದಲು ಒಂದೇ ಒಂದು ಚಿಹ್ನೆ ಆರಿಸಿಕೊಳ್ಳಿ. 2013ರಲ್ಲಿ ಅಮೆರಿಕದ ಏಮಿ ಬ್ಲೂಯೆಲ್ ಆರಂಭಿಸಿದ ‘ಪ್ರಾಜೆಕ್ಟ್ ಸೆಮಿಕೋಲನ್’ ಅರ್ಧವಿರಾಮವನ್ನೇ ಚಿಹ್ನೆ ಮಾಡಿಕೊಂಡಿತು. ವಾಕ್ಯ ಅಲ್ಲಿಗೇ ಮುಗಿಯಬಹುದಿತ್ತು, ಬರೆಯುವವರು ಮುಂದುವರಿಸಿದರು ಎಂಬುದು ಅದರ ಇಂಗಿತ. ಒಂದು ಚುಕ್ಕೆ, ಕೆಳಗೊಂದು ಅಲ್ಪವಿರಾಮ, ಅಷ್ಟೇ. ನಿಮ್ಮದು ಆಸ್ಪತ್ರೆಯ ಮಂಚದಿಂದ ಕಾಣುತ್ತಿದ್ದ ಮರವಿರಬಹುದು, ಅರ್ಧ ತೆರೆದ ಕಿಟಕಿಯಿರಬಹುದು. ಏನೂ ಹೊಳೆಯದಿದ್ದರೆ ಚುಕ್ಕಿಗಳನ್ನಿಟ್ಟು ರಂಗೋಲಿಯ ಗೆರೆ ಎಳೆಯಿರಿ. ಒಂದು ಕಡೆ ಗೆರೆ ಕೂಡದೆ ಉಳಿದರೂ ಚೆಂದವೇ.

1080 ಪಿಕ್ಸೆಲ್ ಉದ್ದಗಲದ ಚೌಕ ಸಾಕು. ಬಣ್ಣ ಎರಡೇ ಇರಲಿ: ನೋವಿಗೊಂದು, ಚೇತರಿಕೆಗೊಂದು. ಹಿನ್ನೆಲೆ, ಗೆರೆ, ಬಣ್ಣಗಳನ್ನು ಬೇರೆ ಬೇರೆ ಲೇಯರಿನಲ್ಲಿಡಿ. ಒಂದನ್ನು ತಿದ್ದುವಾಗ ಇನ್ನೊಂದು ಕೆಡುವುದಿಲ್ಲ. ಸುತ್ತ ಧಾರಾಳವಾಗಿ ಖಾಲಿ ಜಾಗ ಬಿಡಿ. ಗೆರೆಯ ಅಂಚು ಮಸುಕಾಗದಂತೆ ಪಿಎನ್‌ಜಿ ರೂಪದಲ್ಲಿ ಉಳಿಸಿ. ತಿದ್ದಲು ಬರುವ ಮೂಲ ಫೈಲನ್ನೂ ಇಟ್ಟುಕೊಳ್ಳಿ. ಮುಂದೆ ಯಾವಾಗಲೋ ಬಣ್ಣ ಬದಲಿಸಬೇಕೆನ್ನಿಸಬಹುದು.

ಚಿತ್ರವನ್ನು ಸ್ಟೇಟಸ್‌ಗೆ ಹಾಕಲೇಬೇಕೆಂದಿಲ್ಲ. ಹಾಕಿದರೆ ‘ಏನಾಯ್ತು?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಉತ್ತರಿಸುವ ಮನಸ್ಸಿದ್ದರಷ್ಟೇ ಹಾಕಿ.

ಇನ್ನೊಂದು ಮಾತು: ಚಿತ್ರ ಚಿಕಿತ್ಸೆಗೆ ಬದಲಿಯಲ್ಲ. ಮನಸ್ಸಿನ ಭಾರ ಇಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.