ಬೆಳಗುವ ಅಣುವೂ ಅದರ ನೆರೆಯೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ವಿಜ್ಞಾನವನ್ನು ಕನ್ನಡದಲ್ಲಿಯೇ ಕಲಿತು, ಗಡಿನಾಡಿನ ಮಕ್ಕಳಿಗೆ ಕನ್ನಡದಲ್ಲಿಯೇ ಕಲಿಸಿದ ನಾನು ನನ್ನ ಪಾಲಿಗೆ ಒಂದು ಪಾಠವನ್ನೇ ಆರಿಸಿಕೊಂಡಿದ್ದೇನೆ. ತರಗತಿಯಲ್ಲಿ ಓದಿದ ಬೆಳಕಿನ ಪಾಠಕ್ಕಿಂತ ಇದು ಒಂದು ಹೆಜ್ಜೆ ಮುಂದಿನದು.

ಅತಿನೇರಳೆ ದೀಪದ ಕೆಳಗೆ ನೋಟನ್ನು ಹಿಡಿದರೆ ಅದರಲ್ಲಿಯ ಕೆಲವು ಎಳೆಗಳು ಹೊಳೆಯುವುದನ್ನು ಬ್ಯಾಂಕಿನಲ್ಲಿ ನೋಡಿರಬಹುದು. ಇದೇ ಪ್ರತಿದೀಪ್ತಿ. ಕಣ್ಣಿಗೆ ಕಾಣದ ಕಿರಣವನ್ನು ಹೀರಿದ ಅಣುವು ಉದ್ರೇಕಗೊಂಡು, ಪಡೆದ ಶಕ್ತಿಯ ಒಂದಂಶವನ್ನು ಕಾಣುವ ಬೆಳಕಾಗಿ ಹೊರಸೂಸುತ್ತದೆ. ಕ್ವಿನೈನ್ ದ್ರಾವಣದ ನೀಲಿ ಹೊಳಪನ್ನು ಅಭ್ಯಸಿಸಿದ ಸ್ಟೋಕ್ಸ್ ಎಂಬ ವಿಜ್ಞಾನಿಯು 1852ರಲ್ಲಿ ಈ ವಿದ್ಯಮಾನವನ್ನು ವಿವರಿಸಿದನು. ಅಣುಗಳು ಉದ್ರೇಕಿತ ಸ್ಥಿತಿಯಲ್ಲಿ ಸರಾಸರಿ ಎಷ್ಟು ಹೊತ್ತು ಉಳಿಯುತ್ತವೆಯೋ ಅದನ್ನು ಆ ಸ್ಥಿತಿಯ ಆಯುಷ್ಯ ಎನ್ನುವರು. ಸಾಮಾನ್ಯ ಬಣ್ಣಗಳಲ್ಲಿ ಇದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗಗಳಷ್ಟು.

ಈ ಆಯುಷ್ಯವು ಅಣುವಿನ ಸ್ವಂತ ಗುಣವೆಂದೇ ನಮಗೆ ತೋರುವುದು ಸಹಜ. ಆದರೆ ಬೆಳಕನ್ನು ಸೂಸುವ ವೇಗವು ಸುತ್ತಲಿನ ಪರಿಸರವನ್ನೂ ಅವಲಂಬಿಸಿದೆಯೆಂದು ಅಮೆರಿಕದ ಎಡ್ವರ್ಡ್ ಪರ್ಸೆಲ್ 1946ರಲ್ಲಿ ತೋರಿಸಿಕೊಟ್ಟರು.

ಇದನ್ನು ಅಳೆದು ತೋರಿಸಿದವರಲ್ಲಿ ಪ್ರಮುಖರು ಜರ್ಮನಿಯ ಡ್ರೆಕ್ಸ್‌ಹಾಗೆ. 1960ರ ದಶಕದ ಉತ್ತರಾರ್ಧದಲ್ಲಿ ಅವರು ಬೆಳ್ಳಿಯ ಕನ್ನಡಿಯ ಮೇಲೆ ಕೊಬ್ಬಿನಾಮ್ಲದ ಪದರಗಳನ್ನು ಒಂದೊಂದಾಗಿ ಹರಡಿದರು. ಒಂದು ಪದರದ ದಪ್ಪ ಎರಡೂವರೆ ನ್ಯಾನೋಮೀಟರಿಗೆ ತುಸು ಹೆಚ್ಚು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಪದರಗಳ ಮೇಲೆ ಕೆಂಪು ಬೆಳಕನ್ನು ಸೂಸುವ ಯೂರೋಪಿಯಂ ಸಂಯುಕ್ತವನ್ನು ಇರಿಸಿದರು. ಪದರಗಳ ಸಂಖ್ಯೆಯೇ ಅಳತೆಗೋಲಾಯಿತು. ಕನ್ನಡಿಯಿಂದ ದೂರ ಹೆಚ್ಚಿದಂತೆ ಆಯುಷ್ಯವು ಒಮ್ಮೆ ಹೆಚ್ಚಿ, ಒಮ್ಮೆ ತಗ್ಗಿ, ಸುಮಾರು 200 ನ್ಯಾನೋಮೀಟರಿಗೊಮ್ಮೆ ಏರಿಳಿಯಿತು. ದೂರ ಬೆಳೆದಂತೆ ಏರಿಳಿತವೂ ಕ್ಷೀಣಿಸಿತು.

ಕಾರಣವನ್ನು ಉಯ್ಯಾಲೆಯ ದೃಷ್ಟಾಂತದಿಂದ ತಿಳಿಯಬಹುದು. ಉಯ್ಯಾಲೆ ಸಾಗುವ ದಿಕ್ಕಿನಲ್ಲಿಯೇ ತಳ್ಳಿದರೆ ಅದು ಹೆಚ್ಚು ಹೊತ್ತು ತೂಗುತ್ತದೆ; ಎದುರಾಗಿ ತಳ್ಳಿದರೆ ಬೇಗ ನಿಲ್ಲುತ್ತದೆ. ಅಣುವು ಸೂಸಿದ ಅಲೆಯು ಕನ್ನಡಿಗೆ ತಾಗಿ ಮರಳಿ ಅಣುವನ್ನೇ ತಲುಪುತ್ತದೆ. ಅದು ಅಣುವಿನ ಕಂಪನಕ್ಕೆ ಅನುಕೂಲವಾದರೆ ಆಯುಷ್ಯ ದೀರ್ಘವಾಗುತ್ತದೆ. ಪ್ರತಿಕೂಲವಾದರೆ ಅಣುವು ತನ್ನ ಶಕ್ತಿಯನ್ನು ಶೀಘ್ರವಾಗಿ ಬಿಟ್ಟುಕೊಡುತ್ತದೆ. ಅನುಕೂಲವೋ ಪ್ರತಿಕೂಲವೋ ಎಂಬುದನ್ನು ದೂರವೇ ನಿರ್ಧರಿಸುತ್ತದೆ.

ಲೋಹಕ್ಕೆ ತೀರ ಸಮೀಪ, ಅಂದರೆ ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ, ಸಂಗತಿ ಬೇರೆ. ಅಲ್ಲಿ ಶಕ್ತಿಯು ಬೆಳಕಾಗುವ ಮೊದಲೇ ಲೋಹದ ಎಲೆಕ್ಟ್ರಾನುಗಳಿಗೆ ಸೇರಿ ಶಾಖವಾಗುತ್ತದೆ, ಹೊಳಪು ನಂದುತ್ತದೆ. ಗಾಜು ಹೀಗೆ ನಂದಿಸುವುದಿಲ್ಲ. ಆದರೆ ಗಾಜಿನ ಮೇಲ್ಮೈಗೆ ಅಂಟಿಕೊಂಡ ಅಣುವಿನ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯತ್ತ ಹೋಗದೆ ಗಾಜಿನೊಳಕ್ಕೇ ಸಾಗುತ್ತದೆ.

ಲೋಹದ ಈ ನಂದಿಸುವ ಗುಣವನ್ನೇ ಅಳತೆಯ ಸಾಧನವನ್ನಾಗಿ ಮಾಡಿಕೊಂಡವರು ಗೋಟಿಂಗೆನ್ ನಗರದ ವಿಜ್ಞಾನಿಗಳು. ಜೀವಕೋಶವನ್ನು ಚಿನ್ನದ ತೆಳುಲೇಪದ ಮೇಲಿರಿಸಿ, ಅದರ ಪೊರೆಯಲ್ಲಿ ಬೆರೆಸಿದ ಬಣ್ಣದ ಅಣುಗಳ ಆಯುಷ್ಯವನ್ನು ಅಳೆದು, ಪೊರೆಯು ಚಿನ್ನದಿಂದ ಎಷ್ಟು ಎತ್ತರದಲ್ಲಿದೆಯೆಂದು 2014ರಲ್ಲಿ ಕೆಲವೇ ನ್ಯಾನೋಮೀಟರುಗಳ ನಿಖರತೆಯಿಂದ ಗುರುತಿಸಿದರು. ಸಾಧಾರಣ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ ಕಿರಿದಾದ ವಿವರ ಗೋಚರಿಸದು. ಜೀವಂತ ಕೋಶವು ಹೇಗೆ ಅಂಟಿಕೊಳ್ಳುತ್ತದೆ, ಹೇಗೆ ಚಲಿಸುತ್ತದೆ ಎಂಬುದನ್ನು ಅರಿಯಲು ಇಂಥ ಅಳತೆ ಬೇಕೇ ಬೇಕು.

ಆದುದರಿಂದ ಹೊಳೆಯುವ ಅಣುವನ್ನು ಪರೀಕ್ಷಿಸುವಾಗ ಅದು ಯಾವ ವಸ್ತುವೆಂದು ಕೇಳಿದರೆ ಸಾಲದು. ಯಾವುದರ ಬಳಿ, ಎಷ್ಟು ದೂರದಲ್ಲಿದೆ ಎಂದೂ ಕೇಳಬೇಕು. ಇದೇ ಈ ಪಾಠದ ಸಾರ.

ಕನ್ನಡಿಯ ಪ್ರಯೋಗ ಮನೆಯಲ್ಲಿ ಸಾಧ್ಯವಿಲ್ಲ. ಪ್ರತಿದೀಪ್ತಿಯನ್ನು ಮಾತ್ರ ಅವಶ್ಯ ನೋಡಬಹುದು. ಚಿಟಿಕೆ ಅರಿಸಿನವನ್ನು ಸ್ಪಿರಿಟಿನಲ್ಲಿ ಕಲಕಿ, ತಿಳಿಯನ್ನು ಕತ್ತಲ ಕೋಣೆಯಲ್ಲಿ ಅತಿನೇರಳೆ ಟಾರ್ಚಿಗೆ ಹಿಡಿಯಿರಿ. ಹಸಿರು ಬೆರೆತ ಹಳದಿ ಹೊಳಪು ಕಾಣುವುದು. ಸ್ಪಿರಿಟಿನ ಬಳಿ ಬೆಂಕಿ ಬೇಡ, ಟಾರ್ಚನ್ನು ಕಣ್ಣಿಗೆ ಹಿಡಿಯಬೇಡಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇದನ್ನು ತೋರಿಸಿ, ಕಾರಣವನ್ನು ನಮ್ಮ ಕನ್ನಡದಲ್ಲಿಯೇ ತಿಳಿಸಿಕೊಡಲಿ.