0.74 ಗಂಟೆ ಎಂದರೆ ಎಷ್ಟು ನಿಮಿಷ?

ಬೋಧನಾಭ್ಯಾಸದ ಎರಡನೇ ವಾರ ಪುರ್ತಗೇರಿಯಲ್ಲಿ ಎಂಟನೇ ತರಗತಿಗೆ ‘ದೂರ, ವೇಗ, ಕಾಲ’ ಪಾಠ ಮಾಡಿದೆ. ರೈಲು, ಕಾರುಗಳ ಲೆಕ್ಕ ಮಕ್ಕಳಿಗೆ ಸಾಕಾಗಿತ್ತು. ಮೇಲೆ ವಿಮಾನದ ಸದ್ದಾದರೆ ಮಾತ್ರ ಇಡೀ ತರಗತಿ ಕಿಟಕಿಯಲ್ಲಿರುತ್ತದೆ. ಹಾಗಾಗಿ ಹುಬ್ಬಳ್ಳಿ–ಬೆಂಗಳೂರು ವಿಮಾನವನ್ನೇ ಉದಾಹರಣೆಗೆ ಆರಿಸಿಕೊಂಡೆ. ಬೋಧನೋಪಕರಣಗಳು ಕರ್ನಾಟಕದ ಭೂಪಟ, ದಾರ ಮತ್ತು ಅಳತೆಪಟ್ಟಿ.

ಮೊದಲ ಹಂತ ಸರಾಗವಾಗಿ ನಡೆಯಿತು. ಹುಬ್ಬಳ್ಳಿಯಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ದಾರ ಬಿಗಿಹಿಡಿದು ಅಳೆದರು: 18.5 ಸೆಂ.ಮೀ. ಭೂಪಟದ ಪ್ರಮಾಣ 1 ಸೆಂ.ಮೀ.ಗೆ 20 ಕಿ.ಮೀ.; ಅಂದರೆ 370 ಕಿ.ಮೀ. ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಹೆದ್ದಾರಿಯಲ್ಲಿ ಹೋದರೆ ಬೆಂಗಳೂರು ಸುಮಾರು 410 ಕಿ.ಮೀ. ಎಂದಾಗ ನೇರದಾರಿಯ ಅರ್ಥ ತಾವೇ ಹೇಳಿದರು.

ಈ ಮಾರ್ಗದಲ್ಲಿ ಹಾರುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. 370 ÷ 500 = 0.74. ಹಿಂದಿನ ಬೆಂಚಿನ ಹುಡುಗನೊಬ್ಬ ಥಟ್ಟನೆ “74 ನಿಮಿಷ ರೀ ಟೀಚರ್” ಎಂದ. ನಾನು ಬರೆದುಕೊಂಡು ಹೋಗಿದ್ದ ವೇಳಾಪಟ್ಟಿಯಲ್ಲೂ ಪ್ರಯಾಣಕಾಲ ಸುಮಾರು ಒಂದೂಕಾಲು ಗಂಟೆ. “ಶಭಾಷ್” ಎಂದು ಚಪ್ಪಾಳೆ ಹೊಡೆಸಿದೆ. ತಪ್ಪು ಉತ್ತರಕ್ಕೆ ಹೊಡೆಸಿದ ಚಪ್ಪಾಳೆ ಅದು. 0.74 × 60 ಮಾಡಿದರೆ ಬರುವುದು 44 ನಿಮಿಷ ಮಾತ್ರ. ಸಂಜೆ ಪಾಠದ ದಾಖಲೆ ಬರೆಯುವಾಗ ಇದು ಹೊಳೆದು ಮೈ ಬೆವರಿತು. ಮೇಲ್ವಿಚಾರಕರೂ ಗಮನಿಸಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು.

ಮರುದಿನ ಮೊದಲ ಮಾತೇ “ನಿನ್ನೆ ನಾನು ತಪ್ಪು ಮಾಡಿದೆ” ಎಂದೆ. ಏನು ತಪ್ಪೆಂದು ಹೇಳದೆ, ಹಲಗೆಯ ಮೇಲೆ 0.74 ರೂಪಾಯಿ, 0.74 ಗಂಟೆ ಎಂದಷ್ಟೇ ಬರೆದೆ. ರೂಪಾಯಿಗೆ 74 ಪೈಸೆ ಎಂದರು. ಗಂಟೆಗೂ 74 ಎಂದು ಅರ್ಧ ತರಗತಿ ಕೂಗಿತು. ಆಗ ಒಬ್ಬ ಹುಡುಗಿ ಎದ್ದು, “ಸೊನ್ನಿ ಪಾಯಿಂಟ್ ಅಂದ್ರ ಒಂದ್ ತಾಸಿಗಿಂತ ಕಡಿಮಿ ಅಲ್ರೀ? 74 ನಿಮಿಷ ತಾಸಿಗಿಂತ ಹೆಚ್ಚಾತಲ್ರೀ” ಎಂದಳು. ರೂಪಾಯಿಗೆ ನೂರು ಪೈಸೆ, ತಾಸಿಗೆ ಅರವತ್ತೇ ನಿಮಿಷ ಎಂಬುದು ಅಲ್ಲಿಂದ ಮುಂದೆ ಅವರೇ ಬಿಡಿಸಿದ್ದು. ನಾನು ಯೋಜಿಸಿದ್ದ ಮೂರು ಪ್ರಶ್ನೆಗಳಿಗಿಂತ ಅವಳ ಒಂದು ಪ್ರಶ್ನೆ ಹೆಚ್ಚು ಕೆಲಸ ಮಾಡಿತು.

ಹಾಗಾದರೆ ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು? ವೇಳಾಪಟ್ಟಿಯ ಕಾಲದಲ್ಲಿ ವಿಮಾನ ನೆಲದ ಮೇಲೆ ರನ್‌ವೇವರೆಗೆ ಸಾಗುವುದು, ಮೇಲೇರುವುದು, ನಿಧಾನವಾಗಿ ಇಳಿಯುವುದು, ಇಳಿದು ನಿಂತಲ್ಲಿಗೆ ಬರುವುದು ಎಲ್ಲ ಸೇರಿದೆ. 370 ÷ 1.25 = 296. ಹೀಗೆ ಸರಾಸರಿ ವೇಗ 300 ಕಿ.ಮೀ.ಗೂ ಕೆಳಗೆ ಬಂತು. ಸರಾಸರಿ ವೇಗದ ಪರಿಕಲ್ಪನೆಯನ್ನು ಮುಂದಿನ ಪಾಠಕ್ಕೆ ಇಟ್ಟುಕೊಂಡಿದ್ದೆ, ಇಲ್ಲೇ ಬಂದುಬಿಟ್ಟಿತು.

ಗಂಟೆ ಬಾರಿಸುವ ಹೊತ್ತಿಗೆ ಹಿಂದಿನ ಬೆಂಚಿನ ಅದೇ ಹುಡುಗ, “ಟೀಚರ್ರೀ, ಹುಬ್ಬಳ್ಳಿಗೆ ಹೋಗಾಕ ನಮಗ ಬಸ್ಸಿನ್ಯಾಗ ಮೂರು ತಾಸು ಬೇಕಲ್ರೀ, ಅದನ್ನ ಯಾರು ಲೆಕ್ಕಾ ಹಿಡೀತಾರ?” ಎಂದ. ಅದನ್ನೇ ಮನೆಗೆಲಸ ಕೊಟ್ಟೆ: ಪುರ್ತಗೇರಿಯಿಂದ ಮೆಜೆಸ್ಟಿಕ್‌ಗೆ, ವಿಮಾನ ನಿಲ್ದಾಣದಲ್ಲಿ ಕಾಯುವ ಕಾಲವನ್ನೂ ಸೇರಿಸಿ, ಒಟ್ಟು ಎಷ್ಟು ತಾಸು?