ನೀರು ಬಂದರೆ ಅದೇ ದೇವರ ಚಿತ್ತವೇ?

ಅಕ್ಕಾ, ನಮ್ಮದು ಹುತ್ರಿದುರ್ಗ ಹೋಬಳಿಯ ಒಂದು ಹಳ್ಳಿ. ಮೂರು ಎಕರೆ ಹೊಲ, ರಾಗಿ ಬೆಳೆಯುತ್ತೇವೆ, ಬದುವಿನ ಮೇಲೆ ಒಂದಷ್ಟು ತೆಂಗು. ಭಾನುವಾರ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿ ಆರಾಧನೆ ಮುಗಿಸಿ ಬರುತ್ತೇವೆ. ಈಗಾಗಲೇ ಎರಡು ಬೋರು ಕೊರೆಸಿದ್ದೇವೆ. ಮೊದಲನೆಯದು ಒಂದು ಬೇಸಿಗೆಗೆ ನಿಂತುಹೋಯಿತು. ಎರಡನೆಯದರಲ್ಲಿ ಬಂದದ್ದು ಬರೀ ಧೂಳು. ನನ್ನ ಒಡವೆ ಬ್ಯಾಂಕಿನಲ್ಲಿದೆ, ಸಂಘದ ಸಾಲವನ್ನು ವಾರವಾರ ಕಟ್ಟುತ್ತಿದ್ದೇನೆ. ಈಗ ನಮ್ಮ ಯಜಮಾನರು ಮೂರನೆಯದು ಕೊರೆಸಿಯೇ ತೀರುತ್ತೇನೆ ಅಂತ ಕೂತಿದ್ದಾರೆ. ಪ್ರಾರ್ಥನಾ ಕೂಟಕ್ಕೆ ಬರುವ ಒಬ್ಬ ಬ್ರದರ್ ನಮ್ಮ ಹೊಲದಲ್ಲಿ ನಿಂತು ಪ್ರಾರ್ಥಿಸಿ, ಇಲ್ಲೇ ನೀರಿದೆ, ಕರ್ತನು ತೋರಿಸಿದ್ದಾನೆ ಅಂದರು. ಇವರು ಎರಡು ಚೀಟಿ ಬರೆದು ಬೈಬಲಿನೊಳಗಿಟ್ಟು ಮಗನ ಕೈಲಿ ಒಂದನ್ನು ತೆಗೆಸಿದರು. 'ಕೊರೆಸು' ಅಂತ ಬಂತು. ಮಗಳ ನರ್ಸಿಂಗ್ ಸೀಟಿಗೆಂದು ಎಮ್ಮೆ ಮಾರಿ ಎತ್ತಿಟ್ಟ ದುಡ್ಡನ್ನು ಕೇಳುತ್ತಿದ್ದಾರೆ. ಬೇಡ ಅಂದರೆ, ನಿನ್ನ ಅವಿಶ್ವಾಸದಿಂದಲೇ ಆ ಎರಡೂ ಹೋದವು ಅನ್ನುತ್ತಾರೆ. ಅತ್ತೆಯೂ ಮಗನ ಕಡೆಯೇ. ನಿಜವಾಗಿಯೂ ನಾನು ದೇವರ ಚಿತ್ತಕ್ಕೆ ಅಡ್ಡ ನಿಂತಿದ್ದೇನಾ?
— ಹೆಸರು ಬೇಡ, ಕುಣಿಗಲ್ ತಾಲ್ಲೂಕು

ತಂಗಿ, ಇಲ್ಲ, ನೀವು ಅಡ್ಡ ನಿಂತಿಲ್ಲ. ಮಗಳ ದುಡ್ಡನ್ನು ಕೊಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಅಂಕಣ ಅಚ್ಚಾಗಿ ನಿಮ್ಮ ಕೈ ಸೇರುವಷ್ಟರಲ್ಲಿ ರಿಗ್ ಲಾರಿ ನಿಮ್ಮ ಹೊಲದ ದಾರಿ ಹಿಡಿದಿರಬಹುದು.

ಯಜಮಾನರ ಬಳಿ ಬಹುಶಃ ಮೋಶೆಯ ಕಥೆಯಿದೆ. ಬಂಡೆ ಹೊಡೆದ, ನೀರು ಬಂತು ಎಂದು ಕೂಟಗಳಲ್ಲಿ ಆಗಾಗ ಕೇಳುವ ಕಥೆ. ಆದರೆ ಆ ಕಥೆ ಬೈಬಲಿನಲ್ಲಿ ಎರಡು ಸಲ ಬರುತ್ತದೆ. ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ ದೇವರೇ ಹೊಡೆ ಅಂದಿದ್ದರು, ಮೋಶೆ ಹೊಡೆದ. ಅರಣ್ಯಕಾಂಡದ 20ನೇ ಅಧ್ಯಾಯದಲ್ಲಿ ದೇವರು ಹೇಳಿದ್ದು ಬಂಡೆಗೆ ಮಾತಾಡು ಎಂದು. ಜನರ ಗೊಣಗಾಟಕ್ಕೆ ಸಿಟ್ಟಾಗಿದ್ದ ಮೋಶೆ ಕೋಲಿನಿಂದ ಎರಡು ಸಲ ಹೊಡೆದ. ಆಗಲೂ ನೀರು ಬಂತು, ಅದೂ ಧಾರಾಳವಾಗಿ. ಜನ ಕುಡಿದರು, ದನಕರು ಕುಡಿದವು. ಆದರೆ ಅದೇ ತಪ್ಪಿಗೆ ಮೋಶೆ ವಾಗ್ದಾನದ ದೇಶದೊಳಗೆ ಕಾಲಿಡಲಾರದೆ ಹೋದ. ನೀರು ಬಂದ ಮಾತ್ರಕ್ಕೆ ಅದು ದೇವರ ಚಿತ್ತ ಎನ್ನುವ ಹಾಗಿಲ್ಲ. ಬರದಿದ್ದರೆ ದೇವರು ಕೈಬಿಟ್ಟರು ಎನ್ನುವ ಹಾಗೂ ಇಲ್ಲ. ನಿಮ್ಮ ಮನೆಯಲ್ಲಿ ಎಡವಿರುವುದು ಇಲ್ಲೇ: ದೇವರ ಮನಸ್ಸನ್ನು ಬೋರಿನ ಇಂಚಿನಲ್ಲಿ ಅಳೆಯುತ್ತಿದ್ದಾರೆ.

ಕೆಳಗಿರುವುದು ಏನು ಎನ್ನುವುದಕ್ಕೆ ನಿಮ್ಮ ಹೋಬಳಿಯ ದುರ್ಗದ ಬೆಟ್ಟವೇ ಸಾಕ್ಷಿ. ಕಣ್ಣೆದುರು ಎದ್ದು ನಿಂತ ಆ ಬಂಡೆಯ ಜಾತಿಯ ಗಟ್ಟಿ ಕಲ್ಲೇ ನಿಮ್ಮ ಹೊಲದಡಿಯೂ ಹಾಸಿಕೊಂಡಿದೆ. ಇಂಥ ಕಡೆ ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಕಲ್ಲಿನ ಬಿರುಕುಗಳಲ್ಲಿ. ಬಿರುಕು ಸಿಕ್ಕಿದರೆ ಉಂಟು, ತಪ್ಪಿದರೆ ಇಲ್ಲ. ಆಳಕ್ಕೆ ಹೋದಷ್ಟೂ ನೀರು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಕ್ಕದ ಹೊಲದವನಿಗೆ ಎರಡು ಇಂಚು ಸಿಕ್ಕಿದ್ದರೂ ನಿಮಗೆ ಧೂಳು ಬಂದದ್ದಕ್ಕೆ ನಿಮ್ಮ ಅವಿಶ್ವಾಸ ಕಾರಣವಲ್ಲ, ಕಲ್ಲು ಕಾರಣ. ತುಮಕೂರು ಜಿಲ್ಲೆಯ ಹಲವು ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಭಕ್ತರೂ ಭಕ್ತರಲ್ಲದವರೂ ಸೇರಿ ಎತ್ತಿ ಖಾಲಿ ಮಾಡಿದ ನೀರು ಅದು.

ಆ ಬ್ರದರ್ ವಿಷಯ. ಅವರ ಪ್ರಾರ್ಥನೆಯನ್ನು ನಾನು ಹಗುರ ಮಾಡುವುದಿಲ್ಲ. ಒಂದೇ ಒಂದು ಪ್ರಶ್ನೆ: ಧೂಳು ಬಂದರೆ ರಿಗ್ಗಿನವನಿಗೆ ದುಡ್ಡು ಕೊಡುವವರು ಯಾರು? ನಷ್ಟದಲ್ಲಿ ಒಂದು ರೂಪಾಯಿಯ ಪಾಲೂ ಇಲ್ಲದವರು ಇನ್ನೊಬ್ಬರ ಹೊಲದಲ್ಲಿ ನಿಂತು ದೇವರ ಹೆಸರಿನಲ್ಲಿ ಭರವಸೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ತೆಂಗಿನಕಾಯಿ ಹಿಡಿದು ಪಾಯಿಂಟ್ ಹೇಳುವುದನ್ನು ನಾವು ಮೂಢನಂಬಿಕೆ ಎಂದು ಬೈಯುತ್ತೇವೆ. ಅದನ್ನೇ ಬೈಬಲ್ ಹಿಡಿದು ಮಾಡಿದರೆ ವಿಶ್ವಾಸ ಅನ್ನುತ್ತೇವೆ.

ಚೀಟಿಗೂ ಆಧಾರ ಸಿಗುತ್ತದೆ ಎಂದು ಯಜಮಾನರು ಅನ್ನಬಹುದು. ಹೌದು, ಯೂದನ ಜಾಗಕ್ಕೆ ಮತ್ತೀಯನನ್ನು ಚೀಟಿ ಹಾಕಿಯೇ ಆರಿಸಿದರು. ಅದು ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯ. ಎರಡನೆಯದರಲ್ಲಿ ಪವಿತ್ರಾತ್ಮ ಇಳಿದು ಬಂದ ಮೇಲೆ ಆ ಶಿಷ್ಯರು ಮತ್ತೆ ಚೀಟಿ ಹಾಕಿದ ಪ್ರಸಂಗ ಒಂದೂ ಇಲ್ಲ. ಮುಂದೆ ಅವರು ಮಾಡಿದ್ದು ಕೂತು ಮಾತಾಡಿದ್ದು, ವಾದಿಸಿದ್ದು, ಪತ್ರ ಬರೆದದ್ದು. ಇನ್ನು ಯೇಸುಸ್ವಾಮಿ ಲೂಕನ 14ನೇ ಅಧ್ಯಾಯದಲ್ಲಿ, ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕೇಳುತ್ತಾರೆ. ನೀವು ಮನೆಯಲ್ಲಿ ಹಾಕುತ್ತಿರುವುದು ಅದೇ ಲೆಕ್ಕವನ್ನು. ನಿಮ್ಮನ್ನು ಅವಿಶ್ವಾಸಿ ಅನ್ನುವವರು ಆ ಅಧ್ಯಾಯವನ್ನು ಒಮ್ಮೆ ಓದಲಿ.

ಇಷ್ಟೆಲ್ಲ ಹೇಳಿದರೂ ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ಪತ್ರವನ್ನು ಮತ್ತೆ ಓದಿದಾಗ ಅನ್ನಿಸಿದ್ದು ಬೇರೆ. ಊರವರೆಲ್ಲ ನೋಡುತ್ತಿರುವಾಗ ಬಾವಿಯಿಂದ ಧೂಳೆದ್ದರೆ ಆ ಗಂಡಸಿಗೆ ಎಷ್ಟು ಅವಮಾನವಾಗಿರಬೇಕು! ಅದೂ ಮೊದಲನೆಯದು ಬತ್ತಿಹೋದ ಮೇಲೆ. ಹೆಂಡತಿಯ ಒಡವೆ ಹೋಯಿತು. ದೇವರು ತನ್ನನ್ನು ಮರೆತರೇ ಎಂಬ ಭಯ ಒಳಗೆ ಕೂತಿರುತ್ತದೆ, ಅದನ್ನು ಬಾಯಿಬಿಟ್ಟು ಹೇಳಲಾರರು. ಮೂರನೆಯ ಬೋರು ರಾಗಿಗಲ್ಲ, ತೆಂಗಿಗಲ್ಲ, ದೇವರು ಇನ್ನೂ ತನ್ನ ಜೊತೆಗಿದ್ದಾರೆ ಎಂದು ಊರಿಗೂ ತನಗೂ ತೋರಿಸಿಕೊಳ್ಳುವುದಕ್ಕೆ. ತಪ್ಪನ್ನು ನಿಮ್ಮ ಅವಿಶ್ವಾಸದ ಮೇಲೆ ಹೊರಿಸುವುದೂ ಇದೇ ಭಯದಿಂದ. ಹಾಗೆಂದು ನೀವು ಆ ಮಾತನ್ನು ಸಹಿಸಿಕೊಂಡಿರಿ ಅನ್ನುತ್ತಿಲ್ಲ. ದೇವರ ಚಿತ್ತ ಎನ್ನುವುದು ಹೊರೆ ಹೊತ್ತವರು ತಮಗೆ ತಾವೇ ಹೇಳಿಕೊಳ್ಳಬೇಕಾದ ಮಾತು. ಇನ್ನೊಬ್ಬರ ಬಾಯಿ ಮುಚ್ಚಿಸಲು ಅದನ್ನು ಬಳಸುವ ಹಕ್ಕು ಗಂಡನಿಗೂ ಇಲ್ಲ, ಅತ್ತೆಗೂ ಇಲ್ಲ, ಪಾದ್ರಿಗೂ ಇಲ್ಲ.

ಹಿಡಿದ ಕೆಲಸ ಬಿಡುವುದೆಂದರೆ ವಿಶ್ವಾಸ ಕಳೆದುಕೊಂಡಂತೆ ಎಂದು ಅವರು ನಂಬಿರುವ ಹಾಗಿದೆ. ಅವರಿಗೆ ಗುಬ್ಬಿಯ ಸಂಗತಿ ಹೇಳಿ. ನಿಮ್ಮ ಜಿಲ್ಲೆಯದೇ. 1837ರಲ್ಲಿ ಅಲ್ಲಿ ವೆಸ್ಲಿಯನ್ ಮಿಷನ್ ಶುರುವಾಯಿತು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ಐರಿಷ್ ಹುಡುಗ ಹಡಗು ಹತ್ತಿ ಬಂದು ಅಲ್ಲಿ ಸೇವೆಗೆ ನಿಂತ. ಎರಡು ವರ್ಷವಾಗುವಷ್ಟರಲ್ಲಿ ಆರೋಗ್ಯ ಕೈಕೊಟ್ಟಿತು, 1841ರಲ್ಲಿ ವಾಪಸು ಹೊರಡಬೇಕಾಯಿತು. ದೇವರು ಕಳಿಸಿದ ಜಾಗ, ಇಲ್ಲೇ ಸಾಯುತ್ತೇನೆ ಎಂದು ಹಟ ಹಿಡಿದು ಕೂರಲಿಲ್ಲ. ವಾಪಸಾದ ಮೇಲೆ 1847ರಲ್ಲಿ ಮೈಸೂರು ಸೀಮೆಯ ಈ ಮಿಷನ್ನಿನ ಬಗ್ಗೆ ಪುಸ್ತಕ ಬರೆದ. ಮುಂದೆ ಅದೇ ಮಿಷನರಿ ಸಂಘದ ಕಾರ್ಯದರ್ಶಿಯಾಗಿ, 1866ರಲ್ಲಿ ವೆಸ್ಲಿಯನ್ ಸಭೆಯ ಅಧ್ಯಕ್ಷನೂ ಆದ. ಮುಂದೆ ಅಷ್ಟು ದೊಡ್ಡವನಾಗದೆ ಹೋಗಿದ್ದರೂ ಗುಬ್ಬಿ ಬಿಟ್ಟು ಹೊರಟದ್ದು ತಪ್ಪಾಗುತ್ತಿರಲಿಲ್ಲ, ಇದನ್ನೂ ಸೇರಿಸಿ ಹೇಳಿ. ಇಲ್ಲದಿದ್ದರೆ ಮತ್ತೆ ಫಲ ನೋಡಿಯೇ ಚಿತ್ತ ತೀರ್ಮಾನಿಸಿದಂತಾಗುತ್ತದೆ.

ಮಾತನ್ನು ಅತ್ತೆಯ ಎದುರು ತೆಗೆಯಬೇಡಿ, ಕೂಟದವರ ಎದುರಂತೂ ಬೇಡವೇ ಬೇಡ. ರಾತ್ರಿ ಊಟವಾದ ಮೇಲೆ, ಇಬ್ಬರೇ ಇದ್ದಾಗ, ಬೋರಿನಿಂದ ಶುರು ಮಾಡದೆ ಅವರಿಂದ ಶುರು ಮಾಡಿ. ಆ ಎರಡು ಸಲ ನಿಮಗೆ ಎಷ್ಟು ನೋವಾಯಿತು ಅಂತ ನಾನು ಕೇಳಲೇ ಇಲ್ಲ ಅಂದು ನೋಡಿ. ಆಮೇಲೆ ಸಾಲದ ಪಟ್ಟಿಯನ್ನು ಮುಂದಿಡಿ: ಒಡವೆ ಇಷ್ಟಕ್ಕೆ, ಸಂಘಕ್ಕೆ ವಾರಕ್ಕೆ ಇಷ್ಟು, ಇನ್ನು ಎಷ್ಟು ತಿಂಗಳು. ಜಗಳ ಆಗುವ ಹಾಗಿದ್ದರೆ ನಿಮ್ಮ ಸಭೆಯ ಹಿರಿಯರಲ್ಲಿ ವ್ಯವಸಾಯ ಗೊತ್ತಿರುವ ಒಬ್ಬರನ್ನು ಕರೆಸಿ. ವ್ಯವಸಾಯ ಗೊತ್ತಿರುವವರೇ ಆಗಬೇಕು.

ನೀರು ಬೇಡ ಎಂದು ನಾನು ಹೇಳುತ್ತಿಲ್ಲ. ಸರ್ಕಾರದ ಗಂಗಾ ಕಲ್ಯಾಣ ಯೋಜನೆ ಸಣ್ಣ ರೈತರಿಗೆ ಬೋರು ಕೊರೆಸಿಕೊಡುತ್ತದೆ, ಕ್ರೈಸ್ತರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಪಹಣಿ, ಆದಾಯ ಪ್ರಮಾಣಪತ್ರ ಹಿಡಿದು ತುಮಕೂರಿನ ಅಲ್ಪಸಂಖ್ಯಾತರ ಜಿಲ್ಲಾ ಕಚೇರಿಯಲ್ಲಿ, ಯಾವ ನಿಗಮಕ್ಕೆ ಅರ್ಜಿ ಹಾಕಬೇಕೆಂದು ವಿಚಾರಿಸಿ. ಮುಂದೆ ಯಾವತ್ತಾದರೂ ಸ್ವಂತ ದುಡ್ಡಿನಲ್ಲಿ ಕೊರೆಸುವುದಾದರೆ ಭೂವಿಜ್ಞಾನಿಯಿಂದ ಪಾಯಿಂಟ್ ನೋಡಿಸಿ, ಅನುಮತಿ ಬೇಕೇ ಎಂದೂ ಕೇಳಿ. ಅಧಿಸೂಚಿತ ತಾಲ್ಲೂಕುಗಳಲ್ಲಿ 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕೊರೆಸುವಂತಿಲ್ಲ. ಕೃಷಿ ಹೊಂಡಕ್ಕೆ ಸಹಾಯಧನದ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ಹೇಳುತ್ತಾರೆ. ನಿಮ್ಮ ದುರ್ಗದಂಥ ಬೆಟ್ಟದ ಕೋಟೆಗಳಲ್ಲಿ ದಂಡು ಬದುಕಿದ್ದು ಬಂಡೆಯ ದೊಣೆಗಳಲ್ಲಿ ನಿಂತ ಮಳೆನೀರಿನಿಂದ. ಅದನ್ನೂ ದೇವರೇ ಸುರಿಸಿದ್ದು.

ಮಗಳ ಸೀಟಿನ ಹಣವನ್ನು ಅವಳ ಹೆಸರಿನಲ್ಲೇ ಬ್ಯಾಂಕಿಗೆ ಹಾಕಿ, ಗಡುವು ಬರುವವರೆಗೆ ಕಾಯದೆ ಕಟ್ಟಿಬಿಡಿ.

ಕೊನೆಯದಾಗಿ, ಫೇಲಾದ ಆ ಎರಡು ಬೋರುಗಳ ಬಾಯಿ ಮುಚ್ಚಿಸಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಮುಚ್ಚಿಸಿಲ್ಲದಿದ್ದರೆ ಈ ಪತ್ರ ಓದಿದ ದಿನವೇ ಮುಚ್ಚಿಸಿ. ಸುಪ್ರೀಂ ಕೋರ್ಟ್ 2010ರಲ್ಲೇ ಇದಕ್ಕೆ ನಿಯಮ ಮಾಡಿದೆ. ನಿಮ್ಮ ಹೊಲದಲ್ಲಿ ನಿಮ್ಮ ಮಗನಷ್ಟೇ ಅಲ್ಲ, ಊರಿನ ಮಕ್ಕಳೂ ಓಡಾಡುತ್ತಾರೆ.